ಮುಂದಿನ ಮಾಡೆಲ್ ಬರುವ ತನಕ

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಮನೆ ಚಿತ್ರದುರ್ಗದಲ್ಲಿ, ಶಾಲೆ ಹೊಳಲ್ಕೆರೆಯಲ್ಲಿ, ನಡುವೆ ದಿನಾ ಬಸ್ಸು. ಲ್ಯಾಪ್‌ಟಾಪಿನಲ್ಲಿ ನಾನು ಮಾಡುತ್ತಿದ್ದ ಕೆಲಸ ಮೂರೇ ಮೂರು: ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಅಂಕಪಟ್ಟಿ ತುಂಬುವುದು, ಮುಂದೆ ಬರಲಿರುವ ಲ್ಯಾಪ್‌ಟಾಪುಗಳ ಬಗ್ಗೆ ಓದುವುದು. ಮೊದಲೆರಡಕ್ಕೆ ವಾರದಲ್ಲಿ ಒಂದು ಗಂಟೆ ಸಾಕಿತ್ತು. ಉಳಿದ ಹೊತ್ತೆಲ್ಲ ಮೂರನೆಯದಕ್ಕೇ ಹೋಗುತ್ತಿತ್ತು.

ಹಾಗೆ ಓದಲು ನನ್ನ ಬಳಿ ಇದ್ದ ಯಂತ್ರದ ಗತಿ ಹೇಳುವಂತಿರಲಿಲ್ಲ. ಕೀಲು ಸಡಿಲವಾಗಿ ಪರದೆ ಹಿಂದಕ್ಕೆ ಬೀಳುತ್ತಿದ್ದುದರಿಂದ ಅದನ್ನು ಗೋಡೆಗೆ ಒರಗಿಸಿಕೊಂಡೇ ಕೂರಬೇಕಿತ್ತು. ಬ್ಯಾಟರಿ ಸತ್ತಿತ್ತು, ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಒಳಗಿನ ಫ್ಯಾನಿನ ಸದ್ದು ಕೇಳಿ, ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ "ರೀ, ಮಿಕ್ಸಿ ಯಾಕ್ ಹಂಗೇ ಬಿಟ್ಟೀರಿ?" ಎಂದು ಕೂಗಿದ್ದುಂಟು.

ಹಾಗಿದ್ದರೂ ಆ ಯಂತ್ರದ ಮೇಲೆ ಅವಳಿಗೆ ಕಣ್ಣಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸದೇನಾದರೂ ಬಂದರೆ ನನಗೆ, ನನ್ನ ಹಳೆಯದು ಅವಳಿಗೆ. ನನ್ನ ಹಳೆಯ ಫೋನು ಹಾಗೆಯೇ ಅವಳಿಗೆ ಹೋಯಿತು, ಹಳೆಯ ಸ್ಕೂಟರು ಹೋಯಿತು, ಪಟ್ಟಿ ಬದಲಾಯಿಸಿದ ಕೈಗಡಿಯಾರವೂ ಹೋಯಿತು. ಈ ಪದ್ಧತಿ ಯಾರು ಮಾಡಿದ್ದು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನನ್ನ ಹೆಸರೇ ಹೇಳಬೇಕಾಗುತ್ತಿತ್ತು.

ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಎಂಬ್ರಾಯಿಡರಿ ಮಷೀನು ಕೊಂಡಳು. ಆ ಮಷೀನಿಗೆ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ಅದು ತಾನಾಗಿಯೇ ದಾರದಲ್ಲಿ ಹೊಲಿದುಬಿಡುತ್ತದೆ. ಆದರೆ ಕೈಯಲ್ಲಿ ಬರೆದ ಚಿತ್ರವನ್ನು ಮಷೀನಿಗೆ ತಿಳಿಯುವ ಹೊಲಿಗೆಯಾಗಿ ಮಾಡಲು ಒಂದು ಕಂಪ್ಯೂಟರು ಬೇಕು. ಅದಿಲ್ಲದ್ದರಿಂದ ಅವಳು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿ ಸಿದ್ಧವಾಗಿದ್ದ ಒಂದೇ ಡಿಸೈನನ್ನು ತುಂಬಿಸಿಕೊಂಡು ಬರುತ್ತಿದ್ದಳು. ಅಲ್ಲಿದ್ದದ್ದು ಒಂದು ನವಿಲು. ವರ್ಷ ತುಂಬುವುದರೊಳಗೆ ನಮ್ಮ ಬೀದಿಯ ಅಷ್ಟೂ ಹೆಂಗಸರ ಬೆನ್ನ ಮೇಲೆ ಅದೇ ನವಿಲು ಕೂತಿತ್ತು. ಒಂದು ಸೀಮಂತದ ಮನೆಯಲ್ಲಿ ಹನ್ನೊಂದು ನವಿಲು ಒಟ್ಟಿಗೆ ಊಟಕ್ಕೆ ಕೂತದ್ದನ್ನು ನಾನೇ ಎಣಿಸಿದ್ದೇನೆ.

"ನಿಮ್ಮದ್ರಾಗೆ ಒಂದೀಟು ಮಾಡ್ಕಂತೀನಿ ಕೊಡ್ರಿ" ಎಂದು ಒಮ್ಮೆ ಕೇಳಿದಳು.

"ಇದ್ರಾಗೆ ಪ್ರಿಪರೇಟರಿ ಪೇಪರು ಐತೆ. ನಿನ್ನ ಪೆನ್‌ಡ್ರೈವಿಂದ ವೈರಸ್ ಬಂದ್ರೆ ಮಕ್ಕಳ ಗತಿ ಏನು? ಹೊಸದು ತಗಂಡ ಮೇಲೆ ಇದು ನಿನ್ನದೇ ಅಲ್ಲೇನು?" ಎಂದೆ. ಮಾತು ನನಗೇ ಬಹಳ ಉದಾರವಾಗಿ ಕೇಳಿಸಿತು.

ಹೊಸದು ತೆಗೆದುಕೊಳ್ಳುವ ಮನಸ್ಸು ನನಗೂ ಇತ್ತು. ತೆಗೆದುಕೊಳ್ಳಲು ಬಿಡದವರು ನನ್ನ ಬಸ್ಸಿನ ಗೆಳೆಯರೊಬ್ಬರು. ಹೊಳಲ್ಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತರು, ದಿನಾ ನನ್ನ ಪಕ್ಕದ ಸೀಟು. ಯಾವ ಕಂಪನಿ ಯಾವ ತಿಂಗಳು ಏನು ಬಿಡುತ್ತದೆ ಎನ್ನುವುದು ಆ ಕಂಪನಿಯವರಿಗಿಂತ ಮೊದಲು ಇವರಿಗೆ ಗೊತ್ತಿರುತ್ತಿತ್ತು.

"ಈಗ ತಗಂಡ್ರೆ ಕೆಟ್ರಿ ಸಾರ್. ಮುಂದಿನ ಚಿಪ್ಪು ಬರ್ತಾ ಐತೆ. ಎರಡು ತಿಂಗಳು ತಡೀರಿ" ಎಂದರು ಒಂದು ಯುಗಾದಿಗೆ. ತಡೆದೆ. ಚಿಪ್ಪು ಬಂತು. "ಇದು ಬಿಸಿ ಆಗ್ತೈತಂತೆ ಸಾರ್. ಇದರ ತಪ್ಪು ತಿದ್ದಿ ಇನ್ನೊಂದು ಬಿಡ್ತಾರೆ, ಮಳೆಗಾಲ ಕಳೀಲಿ" ಎಂದರು. ಮಳೆಗಾಲ ಕಳೆಯಿತು. ಆಯುಧಪೂಜೆಗೆ ಆಫರ್ ಇರುತ್ತದೆ ಎಂದರು. ಆಯುಧಪೂಜೆಯಲ್ಲಿ, ಈ ಆಫರ್ ಎಲ್ಲ ಹಳೇ ಮಾಲು ಖಾಲಿ ಮಾಡಲಿಕ್ಕೆ ಎಂದರು. ಆಮೇಲೆ ಮೆಮೊರಿ ದುಬಾರಿಯಾಯಿತು, ಇಳಿಯುವ ತನಕ ಸುಮ್ಮನಿರಿ ಎಂದರು. ಇಳಿಯುವ ಸುದ್ದಿ ಬಂದಾಗ, ಇಳಿಯಲು ಶುರುವಾದದ್ದು ಇನ್ನೂ ಇಳಿಯುತ್ತದೆ ಎಂದರು.

ಅವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಗ್ರಾಫ್ ಹಾಳೆಯಲ್ಲಿ ತಿಂಗಳುಗಳನ್ನು ಅಡ್ಡಕ್ಕೆ, ಬೆಲೆಯನ್ನು ಉದ್ದಕ್ಕೆ ಗುರುತು ಮಾಡಿ ರೇಖೆ ಎಳೆದವನು ನಾನು. ಆ ರೇಖೆಯ ಪ್ರಕಾರ ಲ್ಯಾಪ್‌ಟಾಪ್ ಕೊಳ್ಳಲು ಸರಿಯಾದ ಕಾಲ ನಾನು ನಿವೃತ್ತನಾಗಿ ನಾಲ್ಕು ವರ್ಷಕ್ಕೆ ಬರುತ್ತಿತ್ತು. ಎರಡು ಸಲ ಲೆಕ್ಕ ಮಾಡಿ ನೋಡಿದೆ, ತಪ್ಪಿರಲಿಲ್ಲ.

ನಡುನಡುವೆ ದುರ್ಗದ ಅಂಗಡಿಯೊಂದಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಮೊದಲ ಸಲ ಅಂಗಡಿಯವರು "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಟೀ ತರಿಸಿದರು. ಮೂರನೇ ಸಲ ನೀರು ಕೊಟ್ಟರು. ಐದನೇ ಸಲ "ಫ್ಯಾನ್ ಕೆಳಗೆ ಕುಂತ್ಕಳ್ರಿ" ಎಂದಷ್ಟೇ ಹೇಳಿ ಬೇರೆ ಗಿರಾಕಿಯನ್ನು ನೋಡಲು ಹೋದರು. ಅದೇ ದಿನ ಗೊತ್ತಾದ ಇನ್ನೊಂದು ಸಂಗತಿಯೆಂದರೆ, ನನ್ನ ಬಸ್ಸಿನ ಗೆಳೆಯರು ಹತ್ತು ವರ್ಷದಿಂದ ಅದೇ ಫ್ಯಾನಿನ ಕೆಳಗೆ ಕೂತು ಎದ್ದುಹೋಗುತ್ತಿದ್ದರು. ಇವತ್ತಿನವರೆಗೂ ಅವರ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ.

ಹೀಗಿರುವಾಗ ಹೊಸದುರ್ಗದ ಕಡೆಯ ಒಂದು ಮದುವೆ ಮನೆಯವರು ಬಂದರು. ಏಳು ರವಿಕೆ, ಒಂದೇ ಷರತ್ತು: ನವಿಲು ಬೇಡ. ಬೇರೆ ಯಾರ ಹತ್ತಿರವೂ ಇಲ್ಲದ್ದು ಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ನನ್ನ ಹೆಂಡತಿ ಒಳಗಿನಿಂದ ಒಂದು ನೋಟ್‌ಬುಕ್ ತಂದು ತೆಗೆದಳು. ಆ ನೋಟ್‌ಬುಕ್ ಇರುವುದೇ ನನಗೆ ಗೊತ್ತಿರಲಿಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಸಾಲಿನ ಮೇಲೆ ತಿರುಗುತ್ತವಲ್ಲ, ಆ ಗಾಳಿಯಂತ್ರಗಳನ್ನು ಬರೆದಿದ್ದಳು. ಮೂರು ರೆಕ್ಕೆಯ ಹೂವಿನ ಹಾಗೆ ತೋಳಿನ ಅಂಚಿಗೆ ಸಾಲಾಗಿ ಚಿಕ್ಕವು, ಬೆನ್ನಿಗೆ ಒಂದು ದೊಡ್ಡದು. ಹುಡುಗಿ ನೋಟ್‌ಬುಕ್ಕನ್ನು ಎದೆಗವಚಿಕೊಂಡು "ಇದೇ ಬೇಕು ಆಂಟಿ" ಎಂದಳು. ಅವಳ ತಾಯಿ ಮಾತ್ರ, ಅಮಾವಾಸ್ಯೆ ಕಳೆದು ಎಂಟು ದಿನದೊಳಗೆ ಒಂದು ರವಿಕೆ ಹೊಲಿದು ತೋರಿಸದಿದ್ದರೆ ಹಿರಿಯೂರಿನಲ್ಲಿ ಕೊಡುತ್ತೇವೆ ಎಂದು ಹೇಳಿ ಹೋದರು.

"ಈ ಸಲನಾದ್ರೂ ತಗಂತೀರೇನ್ರಿ?" ಎಂದಳು ಹೆಂಡತಿ. ದನಿಯಲ್ಲಿ ಜಗಳ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ದೀಪಾವಳಿಗೆ ಹೊಸ ಮಾಡೆಲ್ ಬರುವುದಿತ್ತು. ಬಸ್ಸಿನ ಗೆಳೆಯರು ಆಣೆ ಮಾಡಿ ಹೇಳಿದ್ದರು. ಈಗ ಕೊಳ್ಳುವುದೋ ದೀಪಾವಳಿ ತನಕ ತಡೆಯುವುದೋ ಎಂದು ತೋಚದೆ, ಕೊನೆಗೆ ನಮ್ಮ ಕಡೆಯವರು ಹಿಂದಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ. ಹೂವು ಕೇಳುವುದೆಂದು ನಿಶ್ಚಯಿಸಿದೆ.

ಭರಮಸಾಗರದ ಆಚೆ ನಮ್ಮ ಮನೆದೇವತೆಯ ಗುಡಿ ಇದೆ. ಅಮ್ಮನ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲೇ ಕೇಳಿಕೊಂಡು ನಿಂತರೆ, ಬಲಗಡೆಯ ಹೂವು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ನಮ್ಮ ಮನೆತನದವರು ಆ ಗುಡಿಯಲ್ಲಿ ಬಾವಿ ತೋಡುವುದನ್ನು ಕೇಳಿದ್ದಾರೆ, ಹೆಣ್ಣು ತರುವುದನ್ನು ಕೇಳಿದ್ದಾರೆ, ಕುರಿ ಮಾರುವುದನ್ನು ಕೇಳಿದ್ದಾರೆ. ಪ್ರೊಸೆಸರ್ ಕೇಳಿದವನು ನಾನೇ ಮೊದಲಿಗ ಇರಬೇಕು. ದಾರಿಯುದ್ದಕ್ಕೂ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಗೆ ಕೇಳುವುದೆಂದು ಯೋಚಿಸುತ್ತಾ ಹೋದೆ.

ಅಮಾವಾಸ್ಯೆಯಾದ್ದರಿಂದ ಜನ ಜಾಸ್ತಿ. "ಒಂದು ಮನೆಯೋರು ಒಂದೇ ಸಲ ನಿಂತ್ಕಳ್ರಿ, ಹಿಂದೆ ಬಾಳ ಮಂದಿ ಅವ್ರೆ" ಎಂದರು ಪೂಜಾರಿ. ನಾವಿಬ್ಬರೂ ಜೊತೆಗೆ ನಿಂತೆವು. "ತಾಯಿ, ದೀಪಾವಳಿ ತನಕ ತಡೀಲಾ?" ಎಂದು ಕೇಳಿಕೊಂಡೆ. ಹೆಚ್ಚು ಕಾಯಿಸದೆ ಬಲಗಡೆಯ ಹೂವು ಜಾರಿ ಬಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಹೆಂಡತಿಯ ಮುಖವೂ ಅರಳಿತ್ತು. ಪಾಪ, ಎಷ್ಟು ಒಳ್ಳೆಯವಳು, ನನ್ನ ಸಂತೋಷವೇ ಅವಳ ಸಂತೋಷ ಎಂದುಕೊಂಡೆ.

ಎರಡು ದಿನ ಕಳೆದು ಸಂಜೆ ಶಾಲೆಯಿಂದ ಮನೆಗೆ ಬಂದಾಗ ಮುಂದಿನ ಕೋಣೆಯ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇತ್ತು. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂವು ಇಟ್ಟಿದ್ದಳು. ಹೊಲಿಗೆಯ ದುಡಿಮೆಯಲ್ಲಿ ತಾನೇ ಹೋಗಿ ತಂದದ್ದು. ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದ ಅದೇ ಅಂಗಡಿ. ಅವಳಿಗೆ ಟೀ ಜೊತೆಗೆ ಖಾರಾ ಬಿಸ್ಕತ್ತೂ ಕೊಟ್ಟಿದ್ದರಂತೆ. ಅರ್ಧ ಗಂಟೆಯ ಕೆಲಸ.

ನಾನು ಮೊದಲು ಮಾಡಿದ್ದು ಅದನ್ನು ಮಗುಚಿ ನೋಡಿದ್ದು. "ಅಲ್ಲ ಕಣೇ, ಇದು ಹೋದ ವರ್ಷದ ಮಾಡೆಲ್ಲು!"

"ಗಾಳಿಯಂತ್ರಕ್ಕೆ ಸಾಕಂತೆ" ಎಂದಳು.

"ದೀಪಾವಳಿ ತನಕ ತಡಿ ಅಂತ ತಾಯಿ ಹೂವು ಕೊಟ್ಟಿದ್ದಳಲ್ಲೇ?"

"ನೀವೊಬ್ರೇ ನಿಂತಿದ್ರೇನ್ರಿ ಅಲ್ಲಿ? ಇವ್ರನ್ನ ಕಾಯದೇ ನಾನೇ ತಗಳ್ಳಾ ತಾಯಿ ಅಂತ ನಾನೂ ಕೇಳ್ದೆ. ಬಲಕ್ಕೆ ಬಿತ್ತು. ನಿಮಗೆ ತಡಿ ಅಂದಾಳೆ, ನನಗೆ ತಗ ಅಂದಾಳೆ. ನೀವು ತಡೀರಿ."

ನಗು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು. ಎರಡು ವರ್ಷ ನಾನು ತಡೆದದ್ದು ನನ್ನ ಲ್ಯಾಪ್‌ಟಾಪನ್ನಲ್ಲ, ಅವಳ ಕೆಲಸವನ್ನು. ಅದೂ ಗೋಡೆಗೆ ಒರಗಿಸಿದ ಒಂದು ಗುಜರಿಯ ಆಸೆ ತೋರಿಸಿ. ಇದನ್ನು ಅವಳಿಗೆ ಹೇಳಿದೆ. "ಗೊತ್ತಾತಲ್ಲ, ಬಿಡ್ರಿ" ಎಂದು ದಾರ ಪೋಣಿಸಲು ಕೂತಳು.

ಆರನೇ ದಿನಕ್ಕೆ ಮೊದಲ ರವಿಕೆ ಸಿದ್ಧವಾಯಿತು. ಮದುವೆ ಆಯಿತು. ಈಗ ನಮ್ಮ ಬೀದಿಯಲ್ಲಿ ಗಾಳಿಯಂತ್ರಗಳು ತಿರುಗಾಡುತ್ತಿವೆ.

ದೀಪಾವಳಿಗೆ ನಾನು ಕಾಯುತ್ತಿದ್ದ ಮಾಡೆಲ್ ಬರಲಿಲ್ಲ. ಅದರ ಬದಲು ನನ್ನ ಹಳೆಯ ಯಂತ್ರ ಪೂರ್ತಿ ನಿಂತುಹೋಯಿತು. ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕಿತ್ತು, ಪೆನ್‌ಡ್ರೈವ್ ಹಿಡಿದು ಮುಂದಿನ ಕೋಣೆಗೆ ಹೋದೆ.

"ಇದ್ರಾಗೆ ಇನ್ನೊಂದು ಮದುವೆ ಮನೆಯೋರ ಡಿಸೈನ್ ಅವೆ. ವೈರಸ್ ಬಂದ್ರೆ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಊಟ ಆದ್ಮೇಲೆ ಒಂದು ತಾಸು ಕೊಡ್ತೀನಿ. ನಾನು ಹೊಸದು ತಗಂಡ ಮೇಲೆ ಇದು ನಿಮ್ಮದೇ ಅಲ್ಲೇನ್ರಿ?" ಎಂದಳು.

ಅವತ್ತಿನಿಂದ ಬಸ್ಸಿನಲ್ಲಿ ಕೇಳಿದ ಒಂದೊಂದು ಸುದ್ದಿಯನ್ನೂ ತಂದು ಅವಳಿಗೆ ಒಪ್ಪಿಸುತ್ತಿದ್ದೇನೆ. ಹೊಸ ಚಿಪ್ಪು ಬಂದಿದೆ, ಬಿಸಿಯಾಗುವುದಿಲ್ಲವಂತೆ, ಆಫರ್ ಇದೆಯಂತೆ, ಇನ್ನು ತಡೆದರೆ ಬೆಲೆ ಏರುತ್ತದಂತೆ, ಈಗಲೇ ತಗೊಂಡುಬಿಡು. ಅವಳು ಮಷೀನಿನಿಂದ ತಲೆ ಎತ್ತದೆ ಎಲ್ಲವನ್ನೂ ಕೇಳುತ್ತಾಳೆ. ಕೇಳಿ ಪ್ರತಿ ಸಲ ಅದೇ ಮಾತು ಹೇಳುತ್ತಾಳೆ.

"ಇದಕ್ಕೇನಾಗೈತ್ರಿ? ಚೆನ್ನಾಗೇ ಓಡ್ತಾ ಐತಲ್ಲ."