ಸೊಗಡು ಸೇರದ ನಾಲಿಗೆ

ಹೊಸಕೋಟೆ ಕಡೆಯ ಅಳಿಯನಾಗಿ ಈ ಮಾತು ಆಡಬಾರದು. ಆದರೂ ನಿಮ್ಮ ಹತ್ತಿರ ಏನು ಮುಚ್ಚುಮರೆ: ನನಗೆ ಅವರೆಕಾಯಿ ಸೇರುವುದಿಲ್ಲ. ಚಳಿಗಾಲ ಬಂತೆಂದರೆ ಊರಿಗೆ ಊರೇ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿರುತ್ತದೆ. ನಾನೊಬ್ಬ ಮೂಗು ಮುಚ್ಚಿಕೊಂಡು ಬೀದಿ ದಾಟುತ್ತೇನೆ.

ತಪ್ಪು ಅವರೆಯದಲ್ಲ, ನನ್ನ ನಾಲಿಗೆಯದು. ಹುಟ್ಟಿದಾಗಿನಿಂದ ಅದೊಂದು ಅಧಿಕಪ್ರಸಂಗಿ. ನೀರು ಯಾವ ಬಾವಿಯದು, ಹುಣಸೆಹಣ್ಣು ನಲ್ಲೂರಿನ ಕಡೆಯದೋ ಸಂತೆಯದೋ, ಯಾರೂ ಕೇಳದಿದ್ದರೂ ಹೇಳುತ್ತದೆ. ಯುದ್ಧ ನಡೆಯುತ್ತಿದ್ದಾಗ ರೇಷನ್ ಅಕ್ಕಿ ಬಂತಲ್ಲ, ಆಗ ಎಲ್ಲರೂ ಅನ್ನ ಉಂಡರೆ ನಾನು ಗೋಣಿಚೀಲ ಉಂಡೆ. ಹಾಗಲಕಾಯಿ ಆಗದು, ಮೆಂತ್ಯದ ಸೊಪ್ಪು ಆಗದು, ಹೊಗೆ ಹತ್ತಿದ ಹಾಲಂತೂ ಬೇಡವೇ ಬೇಡ. ನಮ್ಮಮ್ಮ ಇಟ್ಟ ಹೆಸರು ಬಿಟ್ಟು ನನ್ನನ್ನು ‘ನಾಲಿಗೆಪ್ಪ’ ಎಂದೇ ಕರೆಯುತ್ತಿದ್ದಳು.

ಶಾಸ್ತ್ರ ಬರೆದವರು ರಸ ಆರು ಎಂದರು. ಪಾಪ, ಅವರು ಚಳಿಗಾಲದಲ್ಲಿ ನಮ್ಮ ಕಡೆ ಬಂದಿರಲಿಲ್ಲವೆಂದು ಕಾಣುತ್ತದೆ. ಬಂದಿದ್ದರೆ ಅವರೆಕಾಯಿಯ ಸೊಗಡನ್ನು ಏಳನೆಯದಾಗಿ ಬರೆದುಕೊಳ್ಳುತ್ತಿದ್ದರು. ಆ ಮಾತಾದರೂ ಎಂಥದ್ದು ನೋಡಿ! ಬೇಕೆನ್ನುವವರಿಗೆ ಸೊಗಡು ಅಂದರೆ ಪರಿಮಳ, ನನ್ನಂಥವರಿಗೆ ಘಾಟು.

ಮದುವೆಯಾದ ವರ್ಷವೇ ಅನುಗೊಂಡನಹಳ್ಳಿಯ ಅತ್ತೆ ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿದರು. ಕಾಳು ನೆನೆಹಾಕಿ, ಒಂದೊಂದರ ಸಿಪ್ಪೆಯನ್ನೂ ಬೆರಳಲ್ಲಿ ಹಿತಕಿ ತೆಗೆದು, ಅಳಿಯನಿಗೆಂದೇ ಮಾಡಿದ್ದು. ಬೇಡ ಅನ್ನಲು ಬಾಯಿ ಬರಲಿಲ್ಲ. ಕಾಪಾಡಿದ್ದು ಮುದ್ದೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗುವುದು. ಉಸಿರು ಕಟ್ಟಿ, ತುತ್ತನ್ನು ಸಾರಿಗೆ ಅದ್ದಿ, ನಾಲಿಗೆಗೆ ಸುದ್ದಿ ಮುಟ್ಟುವ ಮೊದಲೇ ಗಂಟಲು ದಾಟಿಸಿದೆ. ಆ ವೇಗ ನೋಡಿ ಮಾವನವರು ಅಳಿಯನಿಗೆ ಅವರೆಕಾಯಿ ಅಂದರೆ ಪ್ರಾಣ ಎಂದು ತೀರ್ಮಾನಿಸಿಬಿಟ್ಟರು. ಅಲ್ಲಿಂದಾಚೆಗೆ, ನಾನು ಸ್ಕೂಲು ಮೇಷ್ಟ್ರಾಗಿದ್ದ ದೇವನಹಳ್ಳಿಯ ಮನೆಗೆ ಚಳಿಗಾಲ ಪೂರ್ತಿ ಚೀಲದ ಮೇಲೆ ಚೀಲ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳೇ ಹೊರತು ಗುಟ್ಟು ಬಿಟ್ಟುಕೊಡಲಿಲ್ಲ.

ಅತ್ತೆಯವರು ಅಳಿಯನ ಎದುರು ನಿಂತು ಮಾತಾಡುವವರಲ್ಲ. ಬಾಗಿಲ ಸಂದಿಯಿಂದ, ಮೇಷ್ಟ್ರಿಗೆ ಇನ್ನೊಂದು ಸೌಟು ಹಾಕವ್ವ ಎಂದು ಮಗಳಿಗೆ ಹೇಳುವರು, ಅಷ್ಟೇ. ಅವರ ಕೈರುಚಿ ಮಾತ್ರ ಹೋಬಳಿಗೆಲ್ಲ ಗೊತ್ತು. ಆ ಬೀದಿಯಲ್ಲಿ ಯಾರ ಮದುವೆಯಾದರೂ ಸಾರಿನ ಹದ ನೋಡುವುದು ಅವರೇ.

ಒಂದು ವರ್ಷ ಅವರು ಜ್ವರ ಹಿಡಿದು ತಿಂಗಳು ಮಲಗಿ ಎದ್ದರು. ಅದೇ ಚಳಿಗಾಲ ನನ್ನ ನಾದಿನಿಯನ್ನು ನೋಡಲು ತ್ಯಾಮಗೊಂಡ್ಲಿನಿಂದ ಗಂಡಿನ ಕಡೆಯವರು ಬರುವುದಿತ್ತು. ಜೊತೆಗೆ ಗಂಡಿನ ಸೋದರತ್ತೆ ಬರುತ್ತಾರೆ, ಆಕೆ ಸಾರಿನಲ್ಲೇ ಮನೆತನ ಅಳೆಯುವ ಹೆಂಗಸು ಎಂದು ಸುದ್ದಿ. ನಾವು ಹಿಂದಿನ ದಿನವೇ ಹೋದೆವು. ಮಧ್ಯಾಹ್ನ ಎಂದಿನಂತೆ ಉಸಿರು ಕಟ್ಟಿ ಮೊದಲ ತುತ್ತು ನುಂಗಿದರೂ ನಾಲಿಗೆಗೆ ಸಿಕ್ಕಿಬಿತ್ತು: ಕಮಟು ಕೊಬ್ಬರಿ. ಬೇರೆ ಯಾರ ಮನೆಯಲ್ಲಾದರೂ ಆಗಲಿ, ಅತ್ತೆಯ ಸಾರಿನಲ್ಲಿ! ಪಕ್ಕದಲ್ಲಿ ಮಾವನವರು ಭೇಷ್ ಅನ್ನುತ್ತ ಉಣ್ಣುತ್ತಿದ್ದರು. ನಾನು ಒಂದು ಗಳಿಗೆ ತಡೆದು, ಉಳಿದದ್ದನ್ನು ಬೇಗಬೇಗ ನುಂಗಿ ಎದ್ದೆ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಅತ್ತೆ ಸೌಟು ಹಿಡಿದುಕೊಂಡು ತಾವೇ ಬಂದರು. ಮುಖ ಗೋಡೆಯ ಕಡೆಗೆ.

“ಜ್ವರ ಬಿಟ್ಟಾಗಿಂದ ನಂಗೆ ರುಚಿನೂ ಇಲ್ಲ, ವಾಸ್ನೆನೂ ಇಲ್ಲ ಮೇಷ್ಟ್ರೇ. ಯಾರ್ಗೂ ಹೇಳಿಲ್ಲ. ಯಾವತ್ತೂ ಗಬಗಬ ಉಂಬೋರು ನಿನ್ನೆ ಒಂದ್ಗಳಿಗೆ ನಿಂತ್ರಿ. ಆವಾಗ್ಲೇ ಏನೋ ಕೆಟ್ಟೈತೆ ಅಂದ್ಕೊಂಡೆ. ಇವತ್ತು ಮಾನ ಉಳಿಸಿ.”

ನಾನು ಮುಖ ಒರೆಸಿಕೊಂಡೆ. ಅಂಗೈ ಒಡ್ಡಿದೆ. ಬಿಸಿ ಸಾರು, ಅಪ್ಪಟ ಅವರೆ. ಈಗ ಮುದ್ದೆಯ ಮರೆಯಿಲ್ಲ, ಉಸಿರು ಕಟ್ಟುವಂತಿಲ್ಲ. ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ನೋಡಲೇಬೇಕು. ಮೊದಲ ಸಲ ಉಪ್ಪು ಕಡಿಮೆ ಎಂದೆ, ಕೊಬ್ಬರಿಯ ಹೋಳನ್ನೂ ತರಿಸಿ, ಕಮಟಾಗಿದೆ, ಎಸೆದು ಹಸಿ ಕಾಯಿ ರುಬ್ಬಿ ಎಂದೆ. ಎರಡನೆಯ ಸಲ ಧನಿಯ ಸಾಲದು ಎಂದೆ. ಮೂರನೆಯ ಸಲ ಏನೂ ಹೇಳಬೇಕಾಗಲಿಲ್ಲ. ಸೊಗಡು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಅವರೆಯನ್ನು ಇಷ್ಟಪಡುವವರು ಮೈಮರೆತು ಉಣ್ಣುತ್ತಾರೆ. ಸೊಗಡು ಎಷ್ಟಿದೆ ಎಂದು ಕರಾರುವಾಕ್ಕಾಗಿ ಹೇಳಬಲ್ಲವನು ಅದಕ್ಕೆ ಹೆದರುವವನೇ. ಇಂಥ ನಾಲಿಗೆ ಕೊಟ್ಟ ದೇವರಿಗೆ ನಾನು ಮೊದಲ ಸಲ ಕೈ ಮುಗಿದದ್ದು ಆ ಹಿತ್ತಲಲ್ಲಿ.

ಸೋದರತ್ತೆ ಮೂರು ಸಲ ಸಾರು ಹಾಕಿಸಿಕೊಂಡರು. ಹೊರಡುವಾಗ ಅತ್ತೆಯ ಕೈಗಳನ್ನು ಹಿಡಿದು, ಇಂಥ ಕೈಯಲ್ಲಿ ಬೆಳೆದ ಹೆಣ್ಣು ನಮ್ಮನೆಗೇ ಬರಲಿ ಎಂದರು. ಮಾವನವರು ಹಿಗ್ಗಿಹೋದರು. ಗಾಡಿ ಬೀದಿಯ ತಿರುವು ದಾಟಿದ ಮೇಲೆ ಅತ್ತೆ ಬಾಗಿಲ ಸಂದಿಗೆ ಹೋಗದೆ ನನ್ನೆದುರೇ ಬಂದು ಕೂತರು. ಒಂದು ಬಟ್ಟಲು ಸಾರು ಮುಂದಿಟ್ಟರು.

“ಬರೀ ಚೆನ್ನಾಗಿತ್ತು ಅನ್ಬೇಡಿ ಮೇಷ್ಟ್ರೇ. ಹೆಂಗಿತ್ತು, ಹೇಳಿ.”

ನಾನು ಒಂದೊಂದೇ ಕಾಳನ್ನು ಅಗಿದು ಹೇಳುತ್ತ ಹೋದೆ. ಇಬ್ಬನಿ ಆರದ ಹೊಲದಲ್ಲಿ ಗಿಡ ಸವರಿದರೆ ಕೈಗೆ ಅಂಟುವ ಹಸಿರು ವಾಸನೆ ಮೊದಲು ಬರುತ್ತದೆ, ಆಮೇಲೆ ಕಾಳಿನ ಬೆಣ್ಣೆಯಂಥ ನುಣುಪು, ಅದರ ಹಿಂದೆ ಕಾಯಿಯ ಸಿಹಿ, ಮೆಣಸಿನ ಖಾರ. ಎಲ್ಲ ಹೋದ ಮೇಲೂ ಸೊಗಡೊಂದೇ ಬಾಯಲ್ಲಿ ಉಳಿಯುತ್ತದೆ, ಸಂಜೆಯಾದರೂ ಬಿಡುವುದಿಲ್ಲ ಎಂದೆ. ಪಾಠ ಹೇಳುವಾಗಲೂ ನಾನು ಅಷ್ಟು ಜೋಪಾನವಾಗಿ ಮಾತಾಡಿದವನಲ್ಲ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಬಟ್ಟಲು ಬರಿದಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಸಾಕು ಮೇಷ್ಟ್ರೇ,” ಎಂದರು. “ಹೊಟ್ಟೆ ತುಂಬ್ತು.”