ರಾತ್ರಿಬಕಗಳ ಕೆಳಗೆ ಟೀ

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನವರು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿನಲ್ಲಿದ್ದರು. ನಾನು ಬೆಳಗಿನ ಬೋಟು ಹಿಡಿದು, ಹಿನ್ನೀರಿನ ನಡುವಿನ ಒಂದು ಪುಟ್ಟ ಖಾಸಗಿ ದ್ವೀಪಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷೇ ನನ್ನ ಕ್ವಾಲಿಫಿಕೇಷನ್. ದ್ವೀಪದ ಒಡತಿ ವಯಸ್ಸಾದ ವಿಧವೆ. ಅಲ್ಲಿನವರ ಹಾಗೆ ನಾನೂ ಅವರನ್ನು ಕೊಚ್ಚಮ್ಮ ಎನ್ನುತ್ತಿದ್ದೆ. ಅವರ ಬಂಗಲೆಗೆ ಶಿಪ್ಪಿಂಗ್ ಕಂಪನಿಯವರು, ಟೀ ಎಸ್ಟೇಟಿನವರು ರಜೆಗೆ ಬರುತ್ತಿದ್ದರು; ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಾತ್‌ಟಬ್, ಪಿಯಾನೊ, ಬೆಳ್ಳಿ ಚಮಚ ಎಲ್ಲ ಇತ್ತು. ಬಂದೂಕಿಗೆ ಮಾತ್ರ ಪ್ರವೇಶವಿಲ್ಲ. ಎಷ್ಟು ದೊಡ್ಡ ಮನುಷ್ಯರದ್ದಾದರೂ ಜೆಟ್ಟಿಯಲ್ಲೇ ಇಳಿಸಿ ಬೀಗ ಹಾಕುತ್ತಿದ್ದೆವು. ಆ ನೀರಿನಲ್ಲಿ ಹಕ್ಕಿ ಹೊಡೆಯುವುದು ಆಗಿನ ಕಾಲಕ್ಕೆ ಫ್ಯಾಷನ್.

ಲಾನಿನ ಮೇಲೆ ಕೊಡೆಯಂತೆ ಹರಡಿದ್ದ ಮರದಲ್ಲಿ ರಾತ್ರಿಬಕಗಳು ಗೂಡು ಕಟ್ಟಿದ್ದವು. ಇವು ಕತ್ತಲಾದ ಮೇಲೆ ಮೀನಿಗೆ ಹೋಗುವ ಹಕ್ಕಿಗಳು. ಹಗಲಿಡೀ ಮರದಲ್ಲೇ ಕೂತು ಜಗಳವಾಡುತ್ತ ಕೆಳಗೆ ಹಿಕ್ಕೆ ಉದುರಿಸುತ್ತಿದ್ದವು.

ಬಂಗಲೆಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಕೊಚ್ಚಮ್ಮನ ಅಣ್ಣನ ಮಗ. ಅತ್ತೆಯನ್ನು ಅಮ್ಮಾಯಿ ಎನ್ನುತ್ತಿದ್ದ; ಅವರಿಗೆ ಅವನು ಮೋನೇ, ಅಂದರೆ ಮಗನೇ.

“ಅಮ್ಮಾಯೀ, ಇದು ಗೆಸ್ಟ್‌ಹೌಸೋ ಕೋಳಿಗೂಡೋ? ಈ ವಾರದ ಪಾರ್ಟಿ ಒಂದು ಕಂಪ್ಲೇಂಟ್ ಹೇಳಲಿ, ಸೋಮವಾರ ಮರ ಕಡಿಸುತ್ತೇನೆ.”

“ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ, ಮೋನೇ.”

“ಅದನ್ನು ಗೆಸ್ಟುಗಳಿಗೆ ಹೇಳಿ.”

ಕೊಚ್ಚಮ್ಮನಿಗೂ ಲೆಕ್ಕ ಗೊತ್ತಿತ್ತು. ಗೆಸ್ಟುಗಳು ಬಾರದಿದ್ದರೆ ಬಂಗಲೆಯೂ ಇಲ್ಲ, ಹಕ್ಕಿಗಳಿಗೆ ಕಾವಲೂ ಇಲ್ಲ.

ಬಂದವರು ಒಂದು ಶಿಪ್ಪಿಂಗ್ ಕಂಪನಿಯ ದೊರೆ, ಅವರ ಹೆಂಡತಿ, ಒಂದಿಬ್ಬರು ಸ್ನೇಹಿತರು. ಹಡಗುಗಳು ಕಾಣುವುದು ಆ ಮರದ ಕೆಳಗಿನಿಂದ ಮಾತ್ರ. ಟೀ ಅಲ್ಲೇ ಆಗಬೇಕು ಎಂದರು. ಎದುರು ದಡದ ಗದ್ದೆಯಲ್ಲಿ ಕೆಲಸದ ಹೆಂಗಸರು ಅಗಲವಾದ ತಾಳೆಗರಿ ಟೋಪಿ ತೊಡುತ್ತಿದ್ದರು, ಮಳೆಗೆ ಹೊದೆಯುವ ನಮ್ಮೂರ ಗರಿಯ ಗೊರಬೆಗೆ ಅಕ್ಕನಂಥದ್ದು. ಹಿಕ್ಕೆ ತಲೆಗೆ ಬೀಳದಿರಲೆಂದು ದೋಣಿ ಕಳಿಸಿ ಅವನ್ನು ಎರವಲು ತರಿಸಿದೆ. “ಲೋಕಲ್ ಕಸ್ಟಮ್, ಮ್ಯಾಡಮ್,” ಎಂದು ಒಬ್ಬೊಬ್ಬರ ತಲೆಗೂ ಇಟ್ಟೆ.

ಆ ಟೋಪಿ ಬಗ್ಗಿ ನಾಟಿ ಮಾಡುವವರಿಗೆ ಮಾಡಿದ್ದು, ಟೀ ಟೇಬಲ್ಲಿಗಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಅಂಚಿಗೆ ಅಂಚು ಡಿಕ್ಕಿ ಹೊಡೆಯಿತು. ಕುರ್ಚಿಗಳನ್ನು ದೂರ ದೂರ ಎಳೆದೆವು. ಆಮೇಲೆ ಕೇಕು ಕೈಗೆಟುಕದು, ಮಾತಾಡಿದರೆ ಕೇಳಿಸದು. ಅವರು ಕೂಗಿದರು, ಮರದ ಮೇಲಿನವರೂ ಕೂಗಿದರು. ದೊರೆಯ ಟೋಪಿಯ ಮೇಲೆ ಟಪ್ಪೆಂದು ಬಿತ್ತು.

ಅಣ್ಣನ ಮಗ ನನ್ನ ಕಡೆ ನೋಡಿದ.

“ಏನದು?” ದೊರೆಯ ಹೆಂಡತಿ ಕೇಳಿದರು.

“ನೈಟ್ ಹೆರನ್, ಮ್ಯಾಡಮ್. ಮರಿಗಳಿವೆ.”

ಅವರು ಕತ್ತೆತ್ತಿ ನೋಡಲು ಹೋದರು, ಟೋಪಿ ಹಿಂದಕ್ಕೆ ಜಾರಿ ಬೆನ್ನ ಮೇಲೆ ಕೂತಿತು. ಬರಿತಲೆಯಲ್ಲೇ ಬಹಳ ಹೊತ್ತು ನೋಡಿದರು.

“ಯಾವಾಗ ಹಾರುತ್ತವೆ?”

“ಮುಂದಿನ ತಿಂಗಳು.”

“ಹಾಗಾದರೆ ಮುಂದಿನ ತಿಂಗಳಿಗೂ ರೂಮು ಇಟ್ಟಿರಿ.”

ಅಣ್ಣನ ಮಗ ಮುಂದೆ ಬಂದು ಬಾಗಿದ. “ಎನಿ ಕಂಪ್ಲೇಂಟ್ಸ್, ಮ್ಯಾಡಮ್?”

“ಒಂದಿದೆ. ಕೇಕು ತುಂಬ ದೂರ.”

ಮೊದಲೇ ಗೊತ್ತುಮಾಡಿದ್ದ ಮರ ಕಡಿಯುವವರಿಗೆ ಬೇಡವೆಂದು ಹೇಳಿಕಳಿಸಲು ಅವನು ಮರೆತ. ಸೋಮವಾರ ಗರಗಸ ಹೊತ್ತು ಬಂದವರಿಗೆ ಕೊಚ್ಚಮ್ಮ ಹೊಟ್ಟೆ ತುಂಬ ಪುಟ್ಟು, ಕಡಲೆ ಬಡಿಸಿದರು; ನಿಧಾನವಾಗಿ ತಿನ್ನಿ ಎಂದರು; ತಾವೇ ಜೆಟ್ಟಿಯ ತನಕ ನಡೆದು ಬಂದು, ಅವರನ್ನು ಬಂದ ಬೋಟಿಗೇ ಹತ್ತಿಸಿ ಕಳಿಸಿದರು.