ಅಪ್ಪನಿಗೆ ತೋರಿಸಿದ ಕೊಟ್ಟೆ

ಅಪ್ಪ ಗ್ರಾಂಟ್ ರೋಡಿನ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೆಂದವರು. ಅವರ ಕಣ್ಣಿನ ಒಳಪದರ, ರೆಟಿನಾ, ಸ್ವಲ್ಪ ಸ್ವಲ್ಪವಾಗಿ ಸಾಯುತ್ತಿತ್ತು. ನಾನು ವಿಲೆ ಪಾರ್ಲೆಯ ಲ್ಯಾಬೊಂದರಲ್ಲಿ ಅದೇ ರೆಟಿನಾದ ಜೀವಕೋಶ ಬೆಳೆಸುತ್ತಿದ್ದೆ. ಅಪ್ಪನಿಗಾಗಿಯೇ ಸೇರಿದಳು ಎಂದು ನೆಂಟರೆಲ್ಲ ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಿಕ್ಕಿದ್ದೇ ಆ ಕೆಲಸ.

ಒಂದು ಅಷ್ಟಮಿ ಹಬ್ಬದ ಹಿಂದಿನ ದಿನ, ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಅಪ್ಪ ಇಡ್ಲಿ ಬೇಯಿಸಲು ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಿದ್ದರು, ಕೈಯ ಅಂದಾಜಿನಲ್ಲೇ. ನಿನ್ನ ಕೆಲಸ ಎಂತದ್ದು ಎಂದು ಕೇಳಿದರು. ನಾನು ದೊಡ್ಡ ಜಾಣೆಯ ಹಾಗೆ ಆ ಕೊಟ್ಟೆಯನ್ನೇ ತೋರಿಸಿದೆ. ಇಡ್ಲಿ ಹಿಟ್ಟನ್ನು ಬರಿದೇ ಸುರಿದರೆ ಹರಿದುಹೋಗುತ್ತದೆ. ಕಣ್ಣೊಳಗೆ ಬರೀ ಕೋಶಗಳನ್ನು ಬಿಟ್ಟರೂ ಅಷ್ಟೇ. ಅದಕ್ಕೆ ಅವನ್ನು ತೆಳು ಪೊರೆಯ ಮೇಲೆ ಬೆಳೆಸಿ, ಪೊರೆಯ ಸಮೇತ ಕಸಿ ಮಾಡಬೇಕು. ಕೋಶಗಳು ನೆಲೆಯೂರಿದ ಮೇಲೆ ಪೊರೆ ತಾನಾಗಿ ಕರಗುತ್ತದೆ, ಎಲೆ ಬಿಚ್ಚುವ ಕಷ್ಟವೂ ಇಲ್ಲ. ಅಪ್ಪನಿಗೆ ಥಟ್ಟನೆ ಅರ್ಥವಾಯಿತು. ಆದರೆ ನಮ್ಮದೆಲ್ಲ ಇನ್ನೂ ಗಾಜಿನ ತಟ್ಟೆಯಲ್ಲಿದೆ, ಮನುಷ್ಯರ ಕಣ್ಣಿಗೆ ಬರಲು ಎಷ್ಟು ವರ್ಷವೋ ಯಾರಿಗೂ ಗೊತ್ತಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಅವರ ಮುಖ ಅಷ್ಟು ಅರಳಿತ್ತು.

ಮಗಳು ಕಣ್ಣಿಗೆ ಕೊಟ್ಟೆ ಕಟ್ಟುತ್ತಾಳೆ ಎಂದು ಅವರು ಹೋಟೆಲಿನವರಿಗೆಲ್ಲ ಸಾರಿದರು. ಬಿಳಿ ಕೋಲು ಹಿಡಿದು ನಡೆಯಲು ಕಲಿಸುವ ಕ್ಲಾಸಿಗೆ ಸ್ವಲ್ಪ ಬೆಳಕಿರುವಾಗಲೇ ಸೇರಿ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನಕ್ಕೆ ಕೋಲು ಯಾಕೆ ಎಂದು ಅಪ್ಪ ನಕ್ಕುಬಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಎರಡು ವರ್ಷವಾದರೂ ನಮ್ಮ ಪೊರೆ, ಕೋಶಗಳು ನೆಲೆಯೂರುವ ಮೊದಲೇ ಕರಗುತ್ತಿತ್ತು. ಅಷ್ಟರಲ್ಲಿ ಅಪ್ಪನಿಗೆ ಉಳಿದಿದ್ದ ಬೆಳಕೂ ಹೋಯಿತು. ಮತ್ತೊಂದು ಅಷ್ಟಮಿಗೆ, ಕೊಟ್ಟೆ ಕಟ್ಟುತ್ತಿದ್ದ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ; ಇದು ಸದ್ಯಕ್ಕೆ ಯಾರ ಕಣ್ಣಿಗೂ ಬರುವುದಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನೂ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅಪ್ಪ ಕೈಯಲ್ಲಿದ್ದ ಎಲೆಗೆ ಕಡ್ಡಿ ಚುಚ್ಚಿ ಮುಗಿಸಿದರು.

"ಪೊರೆ ಕರಗಿದ್ದು ನಿನ್ನ ತಪ್ಪಲ್ಲ ಮಾರಾಯ್ತಿ," ಎಂದರು. "ಆದ್ರೆ ಆಗ್ಲೇ ಹೇಳಿದ್ರೆ, ಬೆಳಕು ಇರುವಾಗ ದಾರಿ ಆದ್ರೂ ನೋಡಿ ಇಟ್ಕೊಳ್ತಿದ್ದೆ."

ಈಗ ಶನಿವಾರ ಶನಿವಾರ ಅವರನ್ನು ಆ ಕ್ಲಾಸಿಗೆ ಕರೆದುಕೊಂಡು ಹೋಗುತ್ತೇನೆ. ಸ್ಟೇಷನ್ನಿನ ಬ್ರಿಜ್ಜಿನ ಹತ್ತಿರ ಬಂದಾಗ ಎಷ್ಟು ಮೆಟ್ಟಿಲು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಆದರೂ ಕೋಲಿನಿಂದ ಒಂದೊಂದನ್ನೂ ತಟ್ಟಿ, ತಾವೇ ಎಣಿಸಿಕೊಂಡು ಹತ್ತುತ್ತಾರೆ.